ನಮ್ಮ ಸುದ್ದಿಯನ್ನು ನಮಗಷ್ಟೇ ಓದಿಸಬೇಡಿ: ಪುರವಣಿ ಸಂಪಾದಕರಿಗೆ ಕಲಬುರಗಿಯಿಂದ ಬಹಿರಂಗ ಪತ್ರ

ಕನ್ನಡ ದಿನಪತ್ರಿಕೆಗಳ ಭಾನುವಾರದ ಪುರವಣಿ ನೋಡಿಕೊಳ್ಳುವ ಎಲ್ಲ ಸಂಪಾದಕರಿಗೆ,

ಶರಣು.

ನಾನು ಬರಹಗಾರನಲ್ಲ. ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ವಾರವಿಡೀ ತೊಗರಿ ಚೀಲ, ತೂಕದ ಚೀಟಿ, ಲಾರಿ ಬಾಡಿಗೆ, ಹಮಾಲರ ಕೂಲಿ, ಇವೇ ನನ್ನ ಓದು. ಬೇರೆ ಏನಾದರೂ ಓದಲು ಪುರುಸೊತ್ತು ಸಿಗುವುದು ಶನಿವಾರ ಸಂಜೆಯಿಂದ. ಅದಕ್ಕೇ ವಾರಾಂತ್ಯಕ್ಕೆ ಎರಡು ಮೂರು ಕನ್ನಡ ಪತ್ರಿಕೆ ಕೊಳ್ಳುತ್ತೇನೆ. ಮೊದಲ ಪುಟದ ರಾಜಕೀಯ ಬೇಗ ಮುಗಿಸಿ ಪುರವಣಿ ತೆಗೆಯುತ್ತೇನೆ. ಕಥೆ, ಪುಸ್ತಕ ಪರಿಚಯ, ನಾಟಕ, ಸಂಗೀತ, ಊಟ, ತಿರುಗಾಟ, ಏನನ್ನೂ ಬಿಡುವುದಿಲ್ಲ.

ಈ ವಾರವೂ ಓದಿದೆ. ಬೆಂಗಳೂರಿನಲ್ಲಿ ಆಡಿದ ಒಂದು ನಾಟಕದ ಬಗ್ಗೆ ಅರ್ಧ ಪುಟ ಇತ್ತು. ಬೆಳಕು ಹೇಗಿತ್ತು, ಎರಡನೇ ಅಂಕ ಎಲ್ಲಿ ಎಳೆಯಿತು, ಯಾವ ನಟಿ ಚೆನ್ನಾಗಿ ಮಾಡಿದಳು, ಎಲ್ಲ ಬರೆದಿದ್ದರು. ಓದಿದ ಮೇಲೆ ನಾನೂ ಆ ಕುರ್ಚಿಗಳಲ್ಲಿ ಕೂತು ನೋಡಿ ಬಂದ ಹಾಗೆ ಅನಿಸಿತು. ಕರಾವಳಿಯ ಯಕ್ಷಗಾನ ಮೇಳದ ಬಗ್ಗೆ ಒಂದು ಲೇಖನ, ಮಲೆನಾಡಿನ ಮಳೆಯ ಬಗ್ಗೆ ಒಂದು ಪ್ರಬಂಧ, ಮೈಸೂರಿನ ಹಳೆಯ ಮನೆಗಳ ಫೋಟೊ. ಎಲ್ಲವೂ ಚೆನ್ನಾಗಿದ್ದವು. ಇವುಗಳಲ್ಲಿ ಒಂದನ್ನೂ ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಆದರೆ ಕಲಬುರಗಿ, ಬೀದರ್, ಯಾದಗಿರಿಯಿಂದ ಒಂದು ಸಾಲೂ ಇರಲಿಲ್ಲ. ಇದು ಈ ವಾರದ ಒಂದು ದಿನದ ಮಾತಲ್ಲ, ವರ್ಷಗಳಿಂದ ಓದುತ್ತಿರುವ ಯಾರನ್ನು ಬೇಕಾದರೂ ಕೇಳಿ.

ನೀವು ಜಿಲ್ಲಾ ಪುಟ ತೋರಿಸುತ್ತೀರಿ, ಗೊತ್ತು. ಹೌದು, ಆ ಪುಟದಲ್ಲಿ ನಾವು ತುಂಬಿ ತುಳುಕುತ್ತೇವೆ. ಆದರೆ ಆ ಪುಟ ಓದುವವರು ಯಾರು? ಕಲಬುರಗಿ ಆವೃತ್ತಿಯ ಜಿಲ್ಲಾ ಪುಟ ಕಲಬುರಗಿಯಲ್ಲಿ ಹಂಚುತ್ತೀರಿ, ಬೀದರಿನದು ಬೀದರಿನಲ್ಲಿ. ಮಂಡ್ಯದ ಓದುಗನ ಕೈಗೆ ಅದು ಹೋಗುವುದೇ ಇಲ್ಲ. ಪುರವಣಿ ಮಾತ್ರ ಇಡೀ ರಾಜ್ಯಕ್ಕೆ ಒಂದೇ. ಅಂದರೆ ಬೆಂಗಳೂರಿನಲ್ಲಿ ಆಡಿದ ನಾಟಕವನ್ನು ಬೀದರ್ ಜಿಲ್ಲೆಯ ಔರಾದಿನವನೂ ಓದುತ್ತಾನೆ, ಔರಾದಿನಲ್ಲಿ ಆಡಿದ್ದನ್ನು ಔರಾದಿನವನೇ ಓದಬೇಕು. ಅವನು ಹಿಂದಿನ ರಾತ್ರಿ ಅದನ್ನು ಕಣ್ಣಾರೆ ನೋಡಿರುತ್ತಾನೆ! ನಮ್ಮ ಸುದ್ದಿಯನ್ನು ನಮಗೇ ಓದಿಸಿ ಏನು ಬಂತು? ಅದು ಬೇರೆಯವರಿಗೆ ಮುಟ್ಟಬೇಕು. ಈ ಪತ್ರದಲ್ಲಿ ನಾನು ಹೇಳಬೇಕಾದದ್ದು ಇಷ್ಟೇ, ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

ನಮ್ಮೂರು ರಾಜ್ಯದ ಪುಟಕ್ಕೆ ಬರುವುದೇ ಇಲ್ಲ ಎಂದಲ್ಲ. ಏಪ್ರಿಲ್, ಮೇ ಬಂದರೆ ಉಷ್ಣಾಂಶ ಬರುತ್ತದೆ. ಭೀಮಾ ನದಿ ತುಂಬಿದರೆ ಮುಳುಗಿದ ಸೇತುವೆಯ ಫೋಟೊ ಬರುತ್ತದೆ. ತೊಗರಿಗೆ ಗಿಡ ಒಣಗಿಸುವ ನೆಟೆ ರೋಗ ಬಿದ್ದರೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಜಿಲ್ಲೆಗಳು ಕೆಳಗಿದ್ದರೆ, ಗುಳೆ ಹೋದವರ ಬಸ್ಸು ಎಲ್ಲೋ ಉರುಳಿದರೆ ಸುದ್ದಿ ಆಗುತ್ತದೆ. ಇವು ಬರಲೇಬೇಕು, ಇನ್ನೂ ದೊಡ್ಡದಾಗಿ ಬರಬೇಕು. ನೆಟೆ ರೋಗ ಬಂದ ವರ್ಷ ನಮ್ಮ ಮಿಲ್ಲಿಗೆ ಬಂದ ರೈತರ ಮುಖ ನಾನು ನೋಡಿದ್ದೇನೆ. ಆದರೆ ಒಂದು ನಾಡಿನ ಜನ ಬರೀ ಕಷ್ಟದಲ್ಲೇ ಕಾಣಿಸುತ್ತಾ ಹೋದರೆ, ಈ ಕಡೆ ಕಾಲಿಡದ ಓದುಗರು ಏನು ತಿಳಿದುಕೊಳ್ಳಬೇಕು ಹೇಳಿ? ಇಲ್ಲಿ ಯಾರೂ ಹಾಡುವುದಿಲ್ಲ, ಯಾರೂ ಬರೆಯುವುದಿಲ್ಲ, ಯಾರೂ ಒಳ್ಳೆಯ ಊಟ ಮಾಡುವುದಿಲ್ಲ ಎಂದೇ ಅಲ್ವಾ?

ಇನ್ನು ಜಿಲ್ಲಾ ಪುಟದಲ್ಲಾದರೂ ಕಲೆಯ ಬಗ್ಗೆ ಏನಿರುತ್ತದೆ ನೋಡಿ. ಒಂದು ತತ್ವಪದ ಗಾಯನ ನಡೆಯಿತು ಅಂತಿಟ್ಟುಕೊಳ್ಳಿ. ಮರುದಿನ ವರದಿ ಬರುತ್ತದೆ. ಯಾರು ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದರು, ಮುಖ್ಯ ಅತಿಥಿ ಏನು ಹೇಳಿದರು, ವೇದಿಕೆಯ ಮೇಲೆ ಯಾರ್ಯಾರು ಇದ್ದರು, ಯಾರು ಸ್ವಾಗತಿಸಿದರು, ಯಾರು ವಂದಿಸಿದರು. ಮುಗಿಯಿತು. ಹಾಡಿದವರು ಯಾವ ಊರಿನವರು? ಯಾರ ಪದ ಹಾಡಿದರು? ಏಕತಾರಿ ಹಿಡಿದಿದ್ದ ಮುದುಕ ಅದನ್ನು ಯಾರಿಂದ ಕಲಿತ? ಒಂದೂ ಇಲ್ಲ. ವರದಿಗಾರರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬನೇ ಮನುಷ್ಯ ಬೆಳಿಗ್ಗೆ ಜಿಲ್ಲಾ ಪಂಚಾಯಿತಿ ಸಭೆ, ಮಧ್ಯಾಹ್ನ ಅಪಘಾತ, ಸಂಜೆ ಸಂಗೀತ, ಎಲ್ಲ ಕಡೆ ಓಡಬೇಕು. ಹಾಡು ಶುರುವಾಗುವ ಹೊತ್ತಿಗೆ ಅವನು ಸುದ್ದಿ ಕಳಿಸಲು ಎದ್ದು ಹೋಗಿರುತ್ತಾನೆ.

ತತ್ವಪದ ಅಂದರೆ ಇಲ್ಲಿ ಸಣ್ಣ ವಿಷಯ ಅಲ್ಲ. ಜೇವರ್ಗಿ ಸೀಮೆಯ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಹೆಸರು ನೀವು ಕೇಳಿರುತ್ತೀರಿ. ಅವರ ಪರಂಪರೆಯಲ್ಲೇ ಚನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು ಬರುತ್ತಾರೆ. ಮಠದಲ್ಲಿ ಹುಟ್ಟಿದವರು, ಮುಸ್ಲಿಮರು, ಕೆಳಗಿನ ಜಾತಿ ಎಂದು ದೂರ ಇಟ್ಟವರು, ಎಲ್ಲರೂ ಕನ್ನಡದಲ್ಲೇ ಕಟ್ಟಿದ ಪದ ಇವು. ಅಮಾವಾಸ್ಯೆಗೆ, ಪುರಾಣ ಮುಗಿದ ರಾತ್ರಿಗೆ, ಯಾರಾದರೂ ಸತ್ತ ಮನೆಯ ಮುಂದೆ, ಇವತ್ತೂ ಬೆಳಗಿನ ತನಕ ಹಾಡುತ್ತಾರೆ. ಸರ್ಕಾರ ತತ್ವಪದಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸಿದೆ. ಒಳ್ಳೆಯ ಕೆಲಸ. ಆದರೆ ಸಂಪುಟಗಳು ಗ್ರಂಥಾಲಯದಲ್ಲಿವೆ, ಹಾಡುವವರು ಹಳ್ಳಿಯಲ್ಲಿದ್ದಾರೆ, ಇಬ್ಬರ ನಡುವೆ ಓಡಾಡಬೇಕಾದ ನಿಮ್ಮ ಪುರವಣಿ ಈ ಕಡೆ ಬರುವುದಿಲ್ಲ. ಒಬ್ಬ ಹಾಡುಗಾರನ ಜೊತೆ ಒಂದು ರಾತ್ರಿ ಕೂತು ಬರೆದರೆ ಸಾಕು, ಎರಡು ಪುಟ ತುಂಬುತ್ತದೆ.

ಮೊಹರಂ ಕಥೆಯೂ ಹಾಗೇ. ಪ್ರತಿ ವರ್ಷ ಒಂದು ಫೋಟೊ, ಮೇಲೆ ‘ಭಾವೈಕ್ಯದ ಹಬ್ಬ’ ಎಂಬ ಶೀರ್ಷಿಕೆ. ನಮ್ಮ ಹಳ್ಳಿಗಳಲ್ಲಿ ಬೆಂಕಿಯ ಗುಂಡಿಯ ಸುತ್ತ ನಡೆಯುವ ಅಲಾಯಿ ಕುಣಿತಕ್ಕೆ ಹಿಂದೂ, ಮುಸ್ಲಿಂ ಇಬ್ಬರೂ ಬರುತ್ತಾರೆ, ಅದು ಖರೇ. ಒಬ್ಬ ಮುಸ್ಲಿಮನೂ ಇಲ್ಲದ ಊರಿನಲ್ಲೂ ದೇವರು ಕೂಡಿಸುತ್ತಾರೆ. ಆದರೆ ಅಲ್ಲಿ ಹಾಡುವ ರಿವಾಯತ್ ಪದಗಳು? ಹಸನ್, ಹುಸೇನ್, ಕರ್ಬಲಾದ ಕಥೆಯನ್ನು ಅಚ್ಚ ಕನ್ನಡದಲ್ಲಿ, ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಂತಿ ಪದದ ಧಾಟಿಯ ಹತ್ತಿರ ಹತ್ತಿರ ಹಾಡುತ್ತಾರೆ. ಎರಡು ಮೇಳಗಳು ಎದುರು ಬದುರು ನಿಂತು ಒಂದಕ್ಕೊಂದು ಸವಾಲು ಹಾಕುತ್ತವೆ. ಆ ಪದಗಳ ಬಗ್ಗೆ ಯಾಕೆ ಯಾರೂ ಬರೆಯುವುದಿಲ್ಲ? ಭಾವೈಕ್ಯ ಎಂದು ಹೊಗಳಿ ಮುಂದೆ ಹೋದರೆ ಆ ಕವಿಗಳಿಗೆ ನ್ಯಾಯ ಸಿಗುವುದಿಲ್ಲ. ಅವರನ್ನು ಕವಿಗಳು ಎಂದೇ ಓದಬೇಕು. ಯಾದಗಿರಿ ಹತ್ತಿರದ ಮೈಲಾಪುರದ ಜಾತ್ರೆಯೂ ಹೀಗೇ ಆಗಿದೆ. ಸಂಕ್ರಾಂತಿ ಬಂದರೆ ಪಲ್ಲಕ್ಕಿ ಮೇಲೆ ಕುರಿಮರಿ ಎಸೆಯುವುದಕ್ಕೆ ನಿಷೇಧ, ಪೊಲೀಸ್ ತಪಾಸಣೆ, ಅಷ್ಟು ಸುದ್ದಿ. ನಿಷೇಧ ಸರಿಯಾದದ್ದೇ. ಆದರೆ ‘ಏಳು ಕೋಟಿಗೆ’ ಎಂದು ಕೂಗುತ್ತಾ ಬರುವ ಸಾವಿರಾರು ಜನ ಎಲ್ಲಿಂದ ಬಂದರು, ಯಾಕೆ ಬಂದರು ಎಂದು ಕೇಳುವವರಿಲ್ಲ.

ಎಳ್ಳಮಾವಾಸ್ಯೆ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುವ ಅಮಾವಾಸ್ಯೆ ಅದು. ಆ ದಿನ ಕಲಬುರಗಿಗೆ ಬಂದರೆ ನಿಮಗೆ ಬಂದ್ ಇದೆ ಅನಿಸುತ್ತದೆ. ಅಂಗಡಿ ಅರ್ಧಕ್ಕರ್ಧ ಮುಚ್ಚಿರುತ್ತವೆ, ಆಟೊ ಸಿಗುವುದಿಲ್ಲ, ನಮ್ಮ ಮಿಲ್ಲಿಗೂ ಹಮಾಲರು ಬರುವುದಿಲ್ಲ. ಎಲ್ಲರೂ ಹೊಲದಲ್ಲಿರುತ್ತಾರೆ. ಹೊಲ ಇಲ್ಲದವರು ಗೆಳೆಯರ ಹೊಲಕ್ಕೆ ಹೋಗುತ್ತಾರೆ. ಹೋಗದೆ ಮನೆಯಲ್ಲಿ ಉಳಿದವನನ್ನು ಜನ ಕನಿಕರದಿಂದ ನೋಡುತ್ತಾರೆ. ಮನೆಯ ಹೆಂಗಸರು ಹಿಂದಿನ ದಿನದಿಂದಲೇ ಕೂತು ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ ಮಾಡಿರುತ್ತಾರೆ. ಎಲ್ಲಕ್ಕಿಂತ ಮುಖ್ಯ ಭಜ್ಜಿ. ಇದು ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬದನೆ, ಗಜ್ಜರಿ, ಸಿಕ್ಕಿದ ಸೊಪ್ಪು ಎಲ್ಲ ಹಾಕಿ, ಮಜ್ಜಿಗೆ, ಹಿಟ್ಟು ಕೂಡಿಸಿ ಕುದಿಸಿದ ಪಲ್ಯ. ಆ ಹಂಗಾಮಿನಲ್ಲಿ ಹೊಲದಲ್ಲಿ ಏನೇನು ಬೆಳೆದಿದೆಯೋ ಅದೆಲ್ಲ ಒಂದೇ ಪಾತ್ರೆಗೆ ಬೀಳುತ್ತದೆ. ಮೊದಲು ಭೂಮಿತಾಯಿಗೆ ಪೂಜೆ, ಆಮೇಲೆ ಹೊಲದ ಸುತ್ತ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುವುದು, ಆಮೇಲೆ ಗಿಡದ ನೆರಳಿಗೆ ಎಲ್ಲರೂ ಕೂಡಿ ಊಟ. ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಕೈ ಹಿಡಿದು ಕೂಡಿಸುತ್ತಾರೆ. ಬೀದರಿನಲ್ಲೂ ಇದೇ, ಸಂಭ್ರಮ ಇನ್ನೂ ಒಂದು ಕೈ ಹೆಚ್ಚು.

ಇಷ್ಟು ದೊಡ್ಡ ಹಬ್ಬದ ಬಗ್ಗೆ ಎಷ್ಟು ಪುರವಣಿಗಳಲ್ಲಿ ಮುಖಪುಟ ಲೇಖನ ನೋಡಿದ್ದೀರಿ? ಉಡುಪಿಯ ಊಟ, ಕೊಡಗಿನ ಪುತ್ತರಿ, ಮೈಸೂರಿನ ದಸರಾ ನನಗೆ ಓದಿಯೇ ಗೊತ್ತು. ಅಲ್ಲಿಗೆ ಹೋಗದೆಯೂ ಅವುಗಳ ಮೇಲೆ ಪ್ರೀತಿ ಹುಟ್ಟಿದ್ದು ನಿಮ್ಮ ಪುಟಗಳಿಂದಲೇ. ಅದೇ ಪ್ರೀತಿ ನಮ್ಮ ಭಜ್ಜಿ ಮೇಲೆ ರಾಮನಗರದ ಒಬ್ಬ ಓದುಗನಿಗೆ ಹುಟ್ಟಬಾರದೇ?

ಬೀದರಿನ ಬಿದ್ರಿ ಕಲೆಗೆ ಸ್ವಲ್ಪ ಅದೃಷ್ಟ ಇದೆ, ಅದರ ಬಗ್ಗೆ ಆಗಾಗ ಬರೆಯುತ್ತೀರಿ. 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಬರೆದಿರಿ, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಬರೆದಿರಿ. ಸಂತೋಷ ಆಯಿತು. ಆದರೆ ಹೆಚ್ಚಿನ ಲೇಖನಗಳು ‘ಅಳಿವಿನ ಅಂಚಿನಲ್ಲಿ’ ಎಂದು ಶುರುವಾಗಿ ‘ಸರ್ಕಾರ ಗಮನ ಹರಿಸಬೇಕು’ ಎಂದು ಮುಗಿಯುತ್ತವೆ. ನಡುವೆ ಕೆಲಸ ಎಲ್ಲಿ? ಸತು ಮತ್ತು ತಾಮ್ರ ಕರಗಿಸಿ ಎರಕ ಹೊಯ್ಯುತ್ತಾರೆ. ಎರಕದ ಮೈ ಉಜ್ಜಿ ಮೈಲುತುತ್ತದ ನೀರು ಸವರುತ್ತಾರೆ, ಮೈ ಕಪ್ಪಾದರೆ ಗೆರೆ ಕಾಣಿಸುತ್ತದೆ ಎಂದು. ಸಣ್ಣ ಉಳಿಯಿಂದ ಹೂಬಳ್ಳಿ ಕೊರೆದು ಆ ಗೀರಿನೊಳಗೆ ಬೆಳ್ಳಿಯ ತಂತಿ ಬಡಿದು ಕೂಡಿಸುತ್ತಾರೆ. ಮತ್ತೆ ಉಜ್ಜಿದರೆ ಎಲ್ಲ ಬಿಳಿಯಾಗಿ ಬೆಳ್ಳಿ ಯಾವುದು, ಸತು ಯಾವುದು ತಿಳಿಯುವುದಿಲ್ಲ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮಾಡಿದ ಪಾತ್ರೆಗೆ ಹಚ್ಚಿದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತದೆ. ಕೋಟೆಯ ಮಣ್ಣನ್ನು ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಬೆಳ್ಳಿಯ ಬೆಲೆ ಏರಿದಾಗ ಈ ಮನೆಗಳಲ್ಲಿ ಏನಾಗುತ್ತದೆ? ಹುಡುಗರು ಉಳಿ ಹಿಡಿಯುತ್ತಿದ್ದಾರೋ ಹೈದರಾಬಾದಿಗೆ ಹೋಗುತ್ತಿದ್ದಾರೋ? ನನಗೆ ಬೇಕಾದದ್ದು ಈ ಓದು. ಕನಿಕರ ಬೇಡ.

ಇತಿಹಾಸದ ಮಾತು ಹೆಚ್ಚು ಎತ್ತುವುದಿಲ್ಲ. ಅದನ್ನು ಭಾಷಣಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ನವೆಂಬರ್ 1 ಬಂದರೆ ಕವಿರಾಜಮಾರ್ಗ ಎಲ್ಲರಿಗೂ ನೆನಪಾಗುತ್ತದೆ. ಅದು ಹುಟ್ಟಿದ ರಾಷ್ಟ್ರಕೂಟರ ಮಾನ್ಯಖೇಟ ಇವತ್ತಿನ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಊರು. ಕೋಟೆ ಈಗ ಹೇಗಿದೆ ಎಂದು ಒಬ್ಬರು ಬಂದು ನೋಡಿ ಬರೆಯಲಿ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಚಾವಣಿ ಕುಸಿದಾಗ, ಕಾಳಿ ವಿಗ್ರಹದ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನ ಇರುವುದು ಗೊತ್ತಾಯಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪವೇ ಸಿಕ್ಕಿತು, ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಎಂದು ಹೆಸರಿನ ಸಮೇತ. ಅದೇ ತಾಲ್ಲೂಕಿನ ನಾಗಾವಿಯಲ್ಲಿ ಸಾವಿರ ವರ್ಷದ ಹಿಂದೆ ಘಟಿಕಾಸ್ಥಾನ, ಅಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರ, ಇತ್ತು. ಅಲ್ಲಿನ 1058ರ ಶಾಸನ ಪುಸ್ತಕ ಕಾಯುವ ಸರಸ್ವತಿ ಭಂಡಾರಿಗರನ್ನು ಹೆಸರಿಸುತ್ತದೆ. ಇವನ್ನು ನಮ್ಮ ಮಕ್ಕಳೇ ನೋಡಿಲ್ಲ, ಬೇರೆ ಜಿಲ್ಲೆಯವರ ಮಾತು ಬಿಡಿ. ತಿರುಗಾಟದ ಪುಟದಲ್ಲಿ ಜಾಗ ಇಲ್ಲವೇ?

ಹತ್ತಿರದ ಕಾಲದವರನ್ನೂ ಮರೆಯುತ್ತಿದ್ದೇವೆ. ಇಲ್ಲಿನ ರಂಗಮಂದಿರಕ್ಕೆ ಎಸ್.ಎಂ. ಪಂಡಿತರ ಹೆಸರಿದೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದು ದೇಶದ ಮನೆಮನೆಯ ಗೋಡೆಗೆ ಮುಟ್ಟಿದ ಕಲಾವಿದ ಅವರು. ನಾಟಕಕ್ಕೆ ಬರುವ ಕಾಲೇಜು ಹುಡುಗರನ್ನು ಕೇಳಿ ನೋಡಿ, ಆ ಹೆಸರು ಯಾರದೆಂದು ಎಷ್ಟು ಜನ ಹೇಳುತ್ತಾರೋ. ಸಾವಳಗಿಯ ಗೀತಾ ನಾಗಭೂಷಣ ಅವರು 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಮ್ಮ ಹೆಂಗಸರು ಆಡುವ ಮಾತನ್ನು ಹಾಗೇ ಕಾದಂಬರಿಗೆ ತಂದವರು. 2020ರಲ್ಲಿ ತೀರಿಕೊಂಡಾಗ ಸುದ್ದಿ ಬಂತು, ಅವರ ಬರಹದ ಬಗ್ಗೆ ಆಮೇಲೆ ಪುರವಣಿಯಲ್ಲಿ ನಾನು ಕಂಡದ್ದು ಭಾಳ ಕಡಿಮೆ.

ಇನ್ನೊಂದು ವಿಷಯ ಕನ್ನಡ ಪತ್ರಿಕೆಗಳು ಪೂರ್ತಿ ಬಿಟ್ಟೇ ಬಿಟ್ಟಿವೆ. ಕಲಬುರಗಿಯಲ್ಲಿ ಉರ್ದು ಮುಷಾಯಿರಾಗಳು, ಅಂದರೆ ಕವಿಗೋಷ್ಠಿಗಳು, ನಡೆಯುತ್ತವೆ. ಸೂಫಿ ಸಂತ ಖ್ವಾಜಾ ಬಂದೇನವಾಜರು 1422ರಲ್ಲಿ ತೀರಿಕೊಂಡ ಊರು ಇದು, ದಖನಿ ಉರ್ದು ಇಲ್ಲಿನ ಮಣ್ಣಿನಲ್ಲೇ ಬೆಳೆದ ಮಾತು. ನನ್ನ ಜೊತೆ ಕೆಲಸ ಮಾಡುವವರು ಮುಷಾಯಿರಾಕ್ಕೆ ಹೋಗಿ ಬಂದು ಶೇರ್ (ಎರಡು ಸಾಲಿನ ಪದ್ಯ) ಹೇಳುತ್ತಾರೆ, ನನಗೆ ಅರ್ಧ ತಿಳಿಯುತ್ತದೆ, ಅರ್ಧ ಅವರೇ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಒಂದೇ ಓಣಿಯಲ್ಲಿ ಇದ್ದುಕೊಂಡು ಅವರ ಕವಿಗಳು ಯಾರು ಎಂದು ನನಗೆ ಕನ್ನಡದಲ್ಲಿ ಓದಲು ಸಿಗುವುದಿಲ್ಲ. ಲಂಬಾಣಿ ತಾಂಡಾಗಳ ಹಾಡುಗಳೂ ಹಾಗೇ, ಗಡಿಯ ಮರಾಠಿ, ತೆಲುಗು ಮಾತೂ ಹಾಗೇ. ಈ ಸೀಮೆಯ ಕನ್ನಡ ಇವರೆಲ್ಲರ ಜೊತೆ ಬಾಳಿ ಬೆಳೆದದ್ದು. ಅದನ್ನು ಕನ್ನಡದವರಿಗೆ ಕನ್ನಡದಲ್ಲೇ ತಿಳಿಸಬೇಕಾದದ್ದು ನಿಮ್ಮ ಕೆಲಸ ಎಂದು ನಾನು ತಿಳಿದಿದ್ದೇನೆ.

ನೀವು ಹೇಳಬಹುದಾದ ಉತ್ತರಗಳು ನನಗೆ ಗೊತ್ತು. ಮೊದಲನೆಯದು, ಆ ಭಾಗದಿಂದ ಬರೆಯುವವರಿಲ್ಲ. ಇದನ್ನು ನಾನು ಒಪ್ಪುವುದಿಲ್ಲ. 1980ರಿಂದ ಇಲ್ಲಿ ವಿಶ್ವವಿದ್ಯಾಲಯ ಇದೆ, 2009ರಿಂದ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ರಂಗಾಯಣ ಇದೆ, ಆಕಾಶವಾಣಿ ಇದೆ. ಕನ್ನಡ ಎಂ.ಎ. ಮಾಡಿ ಟ್ಯೂಷನ್ ಹೇಳಿಕೊಂಡಿರುವ ಹುಡುಗ ಹುಡುಗಿಯರು ಊರು ತುಂಬ ಇದ್ದಾರೆ. ಅವರು ಮೊಬೈಲಿನಲ್ಲಿ ಬರೆಯುವ ಟಿಪ್ಪಣಿಗಳನ್ನು ನಾನು ಓದಿದ್ದೇನೆ, ಕೆಲವು ನಿಮ್ಮ ಪುಟದ ಲೇಖನಗಳಿಗಿಂತ ಚೆನ್ನಾಗಿವೆ. ನನ್ನ ಪರಿಚಯದ ಒಬ್ಬ ಹುಡುಗಿ ಹಂತಿ ಪದಗಳ ಬಗ್ಗೆ ಬರೆದು ಒಂದು ಪತ್ರಿಕೆಗೆ ಕಳಿಸಿದಳು. ಬಂತೆಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅವಳು ಮತ್ತೆ ಕಳಿಸಲಿಲ್ಲ.

ಎರಡನೆಯದು, ಓದುಗರಿಗೆ ಬೇಕಿಲ್ಲ. 2020ರ ಫೆಬ್ರುವರಿಯಲ್ಲಿ ಇಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕ ಮಳಿಗೆಗಳ ಮುಂದೆ ಕಾಲಿಡಲು ಜಾಗ ಇರಲಿಲ್ಲ. ಹಳ್ಳಿಯಿಂದ ಬಂದವರು ಬುತ್ತಿ ಗಂಟು ಬಗಲಲ್ಲಿ ಇಟ್ಟುಕೊಂಡು ಪುಸ್ತಕ ಆರಿಸುತ್ತಿದ್ದರು. ಇದೇ ಊರಿನಲ್ಲಿ 1928ರಲ್ಲಿ ಬಿ.ಎಂ. ಶ್ರೀಯವರ ಅಧ್ಯಕ್ಷತೆಯಲ್ಲಿ ಸಮ್ಮೇಳನ ನಡೆದಾಗ ನಾವು ನಿಜಾಮರ ರಾಜ್ಯದಲ್ಲಿದ್ದೆವು, ಕಚೇರಿಯ ಮಾತು ಉರ್ದು ಆಗಿತ್ತು. ಅಂಥ ಕಾಲದಲ್ಲೂ ಕನ್ನಡ ಓದಿದ ಜನ ಇವರು. ಇವರಿಗೆ ಬೇಕಿಲ್ಲ ಎಂದು ಕೇಳದೆ ತೀರ್ಮಾನ ಮಾಡಬೇಡಿ.

ಸಂವಿಧಾನದ 371(ಜೆ) ವಿಧಿ ಬಂದು ನಮ್ಮ ಮಕ್ಕಳಿಗೆ ಸೀಟು, ನೌಕರಿಯಲ್ಲಿ ಪಾಲು ಸಿಕ್ಕಿತು. ಅದಕ್ಕೆ ವರ್ಷಗಟ್ಟಲೆ ಹೋರಾಟ ಬೇಕಾಯಿತು. ಪುರವಣಿಯ ಒಂದು ಪುಟಕ್ಕೆ ತಿದ್ದುಪಡಿ ಬೇಕಿಲ್ಲ, ನೀವು ಮನಸ್ಸು ಮಾಡಿದರೆ ಮುಂದಿನ ವಾರವೇ ಆಗುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ರಾಜ್ಯಕ್ಕೆಲ್ಲ ಹೋಗುವ ಪುರವಣಿಯಲ್ಲಿ ಪ್ರತಿ ವಾರ ಈ ಕಡೆಯ ಒಂದು ಬರಹ ಇರಲಿ, ಇಲ್ಲೇ ಇರುವವರಿಂದ ಬರೆಸಿ. ಅದಕ್ಕೆ ‘ಕಲ್ಯಾಣ ಕರ್ನಾಟಕ ವಿಶೇಷ’ ಎಂದು ಬೇರೆ ಪಟ್ಟಿ ಕಟ್ಟಿ ಮೂಲೆಯಲ್ಲಿ ಕೂಡಿಸಬೇಡಿ, ಉಳಿದ ಬರಹಗಳ ಸಾಲಿನಲ್ಲೇ ಹಾಕಿ. ಇಲ್ಲಿ ಆಡಿದ ನಾಟಕಕ್ಕೂ ವಿಮರ್ಶೆ ಬರೆಸಿ, ಕೆಟ್ಟದಾಗಿದ್ದರೆ ಕೆಟ್ಟದೆಂದೇ ಬರೆಸಿ, ನಮ್ಮವರು ಎಂದು ಸುಮ್ನೆ ಹೊಗಳುವುದು ಬೇಡ. ಜಿಲ್ಲಾ ವರದಿಗಾರರಿಗೆ ತಿಂಗಳಿಗೆ ಒಂದು ರಾತ್ರಿ ಬೇರೆ ಕೆಲಸ ಕೊಡದೆ ಹಾಡು ಕೇಳಲು ಬಿಡಿ. ನಮ್ಮ ಆಡುಮಾತಿನಲ್ಲಿ ಬರೆದದ್ದನ್ನು ತಿದ್ದಿ ಮೈಸೂರು ಕನ್ನಡ ಮಾಡಬೇಡಿ. ಬರೆದವರಿಗೆ ಬೆಂಗಳೂರಿನವರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ಅವರು ಕಳಿಸಿದ್ದು ನಿಮಗೆ ಬೇಡವಾದರೆ ಬೇಡ ಎಂದು ಒಂದು ಸಾಲು ಉತ್ತರ ಬರೆಯಿರಿ.

ಹಂತಿ ಪದದ ಲೇಖನ ಇನ್ನೂ ಆ ಹುಡುಗಿಯ ಹತ್ತಿರ ಇದೆ. ನಿಮ್ಮಲ್ಲಿ ಯಾರಿಗಾದರೂ ಬೇಕಿದ್ದರೆ ಈ ಪತ್ರಕ್ಕೆ ಉತ್ತರ ಕೊಡಿ, ಮತ್ತೆ ಕಳಿಸು ಎಂದು ನಾನೇ ಹೋಗಿ ಹೇಳುತ್ತೇನೆ.

ಇಂತಿ,
ಕಲಬುರಗಿಯ ಒಬ್ಬ ಓದುಗ